ಹುಣಸೆಹಣ್ಣು ಹಚ್ಚಿ ತೊಳೆದ ವಾಲ್ವುಗಳು

ಇವತ್ತು ಬೆಳಿಗ್ಗೆ ಪಾಯಸಕ್ಕೆ ಏಲಕ್ಕಿ ಕುಟ್ಟುತ್ತಿದ್ದೆ. ಆ ಘಮ ಬಂದ ಕೂಡಲೇ ನನಗೆ ನೆನಪಾಗುವುದು ಮೋಟಾರ್ ಸೈಕಲ್ಲು. ನಗಬೇಡಿ. ನಮ್ಮ ಮನೆಯಲ್ಲಿ ಏಲಕ್ಕಿ ಕುಟ್ಟುವುದು ಬೈಕಿನ ಇಂಜಿನ್ನಿನಿಂದ ಬಿಚ್ಚಿದ ವಾಲ್ವಿನಲ್ಲಿ. ಉದ್ದನೆಯ ಕಡ್ಡಿ, ಅದರ ತುದಿಗೆ ಅಗಲವಾದ ತಲೆ. ಉಕ್ಕಿನ ಅಣಬೆಯ ಹಾಗೆ. ಭಗವಂತ ಒಂದು ವಸ್ತುವನ್ನು ಯಾವ ಕೆಲಸಕ್ಕೆಂದು ಮಾಡಿಸಿ, ಕೊನೆಗೆ ಯಾವ ಕೆಲಸಕ್ಕೆ ತಂದು ನಿಲ್ಲಿಸುತ್ತಾನೋ ಹೇಳಲಾಗದು. ನಾನೂ ಬಿ.ಎ. ಓದಿದವಳೇ.

ನನ್ನ ಮೈದುನ ಲೋಕೇಶ ಆಗ ಮರಳೂರಿನಲ್ಲಿ ನಮ್ಮ ಜೊತೆಗೇ ಇದ್ದ. ವಾರವೆಲ್ಲ ಆಫೀಸು, ಭಾನುವಾರ ಬಂದರೆ ಮಣ್ಣಿನ ಹಾದಿಯ ಬೈಕ್ ರೇಸು. ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಮೃತೂರಿನಲ್ಲಿ ಒಂದು ಹುಡುಗಿಯನ್ನು ಗೊತ್ತುಮಾಡಿಕೊಂಡು, ಮಗನನ್ನು ಬೆಳಿಗ್ಗೆ ಸಂಜೆ ಪೀಡಿಸುತ್ತಿದ್ದರು. ತಾಳಲಾರದೆ ಅವನೊಂದು ದಿನ ಮಾತು ಕೊಟ್ಟ.

"ಗುಬ್ಬಿ ರೇಸಲ್ಲಿ ಫಸ್ಟ್ ಬರ್ಲಿಲ್ಲ ಅಂದ್ರೆ ಹುಡುಗಿ ನೋಡೋಕೆ ಬರ್ತೀನಮ್ಮ. ಫಸ್ಟ್ ಬಂದ್ರೆ ಮಾತ್ರ ಇನ್ನೆರಡು ವರ್ಷ ಮದ್ವೆ ಮಾತು ಎತ್ತಂಗಿಲ್ಲ."

ಅತ್ತೆ ಅವತ್ತೇ ಆಂಜನೇಯನ ಪಟದ ಮುಂದೆ ನಿಂತು, ಮಗ ಸೋಲಲಿ ಎಂದು ತೆಂಗಿನಕಾಯಿಯ ಹರಕೆ ಹೊತ್ತರು. ಮಗನಿಗೂ ಕೇಳಲಿ ಎಂದು ಜೋರಾಗಿಯೇ ಹೊತ್ತರು.

ಆ ರೇಸಿಗಾಗಿ ವಾಲ್ವು ಆರಿಸಲು ಅವನು ಪಟ್ಟ ಪಾಡನ್ನು ನಾನು ಮದುವೆಯ ಸೀರೆ ಆರಿಸುವಾಗಲೂ ಪಟ್ಟಿರಲಿಲ್ಲ. ನಾನು ಅವರೆಕಾಯಿ ಬಿಡಿಸುತ್ತಾ ಕೂತರೆ ಫೋನು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ.

"ಇದು ಇಂಜಿನ್ ಉಸಿರಾಡೋ ಬಾಗ್ಲು ಅತ್ಗೆ. ಒಂದು ಪೆಟ್ರೋಲು, ಗಾಳಿ ಒಳಗೆ ಬಿಡುತ್ತೆ. ಇನ್ನೊಂದು ಹೊಗೆ ಆಚೆ ಕಳಿಸುತ್ತೆ."

"ಹಂಗಾದ್ರೆ ದೊಡ್ಡ ಬಾಗ್ಲೇ ಹಾಕ್ಸು."

"ದೊಡ್ಡದು ಹಾಕಿದ್ರೆ ಇರೋ ಜಾಗದಲ್ಲಿ ಒಂದಕ್ಕೊಂದು ತಗುಲ್ತವೆ."

ಒಂದೇ ಅಡುಗೆಮನೆಯ ಅತ್ತೆ ಸೊಸೆಯರ ಹಾಗೆ ಎಂದು ನನಗೆ ತಕ್ಷಣ ಅರ್ಥವಾಯಿತು. ಅತ್ತೆ ಅಲ್ಲೇ ಇದ್ದುದರಿಂದ ಬಾಯಿ ಬಿಡಲಿಲ್ಲ.

ಕೊನೆಗೆ ಅವನು ಹಳೆಯ ಅಳತೆಯದೇ, ಆದರೆ ಒಂದೇ ತುಂಡಿನ ಸ್ಟೇನ್‌ಲೆಸ್ ಸ್ಟೀಲಿನ ಜೋಡಿಯನ್ನು ತರಿಸಿದ. ಬೈಕಿನ ಜೊತೆ ಬಂದ ವಾಲ್ವುಗಳು ಸವೆದಿರಲಿಲ್ಲ. ರೇಸಿನ ಬಿಸಿಗೆ ಅವುಗಳ ತಲೆ ಮುರಿದು ಒಳಗೆ ಬಿದ್ದರೆ ಇಂಜಿನ್ನೇ ಹೋಗುತ್ತದೆ ಎಂಬ ಭಯ ಅವನಿಗೆ. ಗುರುವಾರ ಸಂಜೆ ಹೊಸ ಜೋಡಿ, ಹಳೆಯ ಜೋಡಿ ಎರಡನ್ನೂ ಹೋಲಿಸಿ ನೋಡಲು ಒಂದೇ ತಟ್ಟೆಯಲ್ಲಿ ಹರಡಿ, ಹಿತ್ತಿಲ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದ.

ಗುರುವಾರ ಸಂಜೆ ಆ ಕಟ್ಟೆಯ ಮೇಲೆ ಏನಿರುತ್ತದೆಂದು ನಿಮಗೆ ಗೊತ್ತಲ್ಲ. ಶುಕ್ರವಾರದ ಪೂಜೆಯ ದೀಪ, ಪಂಚಪಾತ್ರೆ, ಗಂಟೆ. ಅತ್ತೆ ಕನ್ನಡಕವಿಲ್ಲದೆ ಕೂತು ಎಲ್ಲಕ್ಕೂ ಹುಣಸೆಹಣ್ಣು ಹಚ್ಚಿದರು, ಪಾತ್ರೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರು. ಲೋಕೇಶ ಬಂದಾಗ ನಾಲ್ಕು ವಾಲ್ವುಗಳೂ ದೀಪಗಳ ಪಕ್ಕದಲ್ಲಿ ಫಳಫಳ ಹೊಳೆಯುತ್ತಿದ್ದವು. ಹಳೆಯದರ ಮಸಿಯೂ ಇಲ್ಲ, ಹೊಸದರ ಮೇಲೆ ಅವನು ಪೆನ್ನಿನಲ್ಲಿ ಹಾಕಿದ್ದ ಗುರುತೂ ಇಲ್ಲ.

"ಅಮ್ಮಾ, ಇದ್ರಲ್ಲಿ ಹೊಸ್ದು ಯಾವ್ದು?"

"ಎಲ್ಲಾ ಹೊಸ್ದಾಗದೆ ನೋಡು. ಮಸಿ ಹಿಡ್ದಿತ್ತು, ದೀಪದ ಕಡ್ಡಿ ಅಂದ್ಕಂಡೆ."

ಅವನು ಕಟ್ಟೆಯ ಮೇಲೆ ಕೂತುಬಿಟ್ಟ. "ನಾನು ಸೋಲ್ಲಿ ಅಂತ ಬೇಕಂತ್ಲೇ ಮಾಡ್ದೆ ಅಲ್ವಾ?"

ಅತ್ತೆಯ ಮುಖ ಸಣ್ಣದಾಯಿತು. ಕೈ ಒರೆಸಿಕೊಂಡು, ಸೊಂಟದ ಎಲೆಅಡಿಕೆ ಚೀಲದಿಂದ ಒಂದು ಆಯಸ್ಕಾಂತ ತೆಗೆದರು. ಹಳೆಯ ಸ್ಪೀಕರಿನಿಂದ ಕಿತ್ತದ್ದು. ಪಾತ್ರೆ ಅಂಗಡಿಯಲ್ಲಿ ಅದನ್ನು ತಟ್ಟೆ ಲೋಟಗಳಿಗೆಲ್ಲ ಹಿಡಿದು ನೋಡುವುದು ಅವರ ಅಭ್ಯಾಸ. ಅವರ ಜೊತೆ ಹೋಗುವ ನಾನು ಅಂಗಡಿಯವರ ಮುಖ ನೋಡದೆ ಸೀಲಿಂಗ್ ಫ್ಯಾನು ನೋಡುತ್ತಾ ನಿಲ್ಲುವುದು ನನ್ನ ಅಭ್ಯಾಸ. ಈಗ ಒಂದೊಂದೇ ವಾಲ್ವಿನ ಕಡ್ಡಿಗೆ ಹಿಡಿದರು. ಎರಡು ಟಕ್ಕೆಂದು ಅಂಟಿದವು. ಎರಡು ಅಲುಗಲಿಲ್ಲ.

"ಅಂಟಿದ್ದು ಹಳೇದು. ಒಳ್ಳೆ ಸ್ಟೀಲು ಅಂಟಾಕಿಲ್ಲ ಬುಡು," ಎಂದರು. ಆಮೇಲೆ ಅವನತ್ತ ತಿರುಗಿ, "ನಿನ್ನ ಮದ್ವೆ ಆಗ್ಲಿ ಅಂದೆ ಕಣ್ಲಾ. ನಿನ್ನ ಇಂಜಿನ್ನು ಒಡ್ದೋಗ್ಲಿ ಅಂದ್ನಾ?"

ಲೋಕೇಶ ಕುಣಿಗಲ್ಲಿನ ತನ್ನ ಮೆಕ್ಯಾನಿಕ್ಕಿಗೆ ಫೋನು ಮಾಡಿ ಕೇಳಿದ. ಆಯಸ್ಕಾಂತಕ್ಕೆ ಅಂಟದಿದ್ದವೇ ಹೊಸವು, ಅವನ್ನೇ ತನ್ನಿ ಎಂದರಂತೆ ಅವರು. ಅವನು ತಲೆ ತಗ್ಗಿಸಿಕೊಂಡು ಬಂದು ಅಮ್ಮನ ಪಕ್ಕದಲ್ಲಿ ಕೂತು ಉಳಿದ ದೀಪಗಳನ್ನು ಉಜ್ಜಿದ. ಕ್ಷಮೆ ಕೇಳುವ ಪದ್ಧತಿ ಆ ಮನೆತನದಲ್ಲೇ ಇಲ್ಲ.

ಮಾರನೆಯ ದಿನ ಪೂಜೆಯಲ್ಲಿ ಅತ್ತೆ, "ಹಿಂದಿನ ಹರಕೆ ವಾಪಸ್ ತಗಂಡೆ ಸ್ವಾಮಿ, ಗೆಲ್ಸು ಅವನ್ನ," ಎನ್ನುವುದು ಕೇಳಿಸಿತು. ನಾನು ಹಿಂದೆ ನಿಂತು, ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಂದರೆ ಸಾಕಪ್ಪ ಎಂದೆ.

ಭಾನುವಾರ ಮೈಯೆಲ್ಲ ಕೆಂಧೂಳು ಮಾಡಿಕೊಂಡು ಬಂದ. ಇಂಜಿನ್ನು ಗಟ್ಟಿಯಾಗಿತ್ತು, ಕೈಕಾಲೂ ನೆಟ್ಟಗಿದ್ದವು. ಬಂದದ್ದು ಮಾತ್ರ ಸೆಕೆಂಡು.

"ಈಗ ಖುಷಿನಾ?" ಎಂದ.

"ಗೆಲ್ಲಿ ಅಂತ್ಲೇ ಬೇಡ್ಕಂಡಿದ್ದೆ ಕಣೋ," ಎಂದರು ಅತ್ತೆ, ನಿಜವಾದ ಸಂಕಟದಿಂದ. "ಸ್ವಾಮಿಗೆ ಹಳೇ ಹರಕೆನೇ ಗ್ಯಾಪ್ಕ ಇತ್ತೇನೋ."

ಅಮೃತೂರಿನ ಆ ಹುಡುಗಿ ಶೈಲ ಈಗ ನನ್ನ ವಾರಗಿತ್ತಿ. ಇವತ್ತಿನ ಪಾಯಸ ಅವರಿಬ್ಬರ ಮದುವೆಯ ದಿನಕ್ಕೆ. ನಾನು ಏಲಕ್ಕಿ ಕುಟ್ಟುತ್ತಾ ಈ ಕಥೆಯನ್ನೆಲ್ಲ ಹೇಳಿದರೆ, ಶ್ಯಾವಿಗೆ ಹುರಿಯುತ್ತಿದ್ದ ಅವಳು ಕೈ ನಿಲ್ಲಿಸಿ ನಕ್ಕಳು.

"ಅಕ್ಕಾ, ಆ ರೇಸಿನ ಮಾತು ನಮ್ಮನೆಗೂ ಮುಟ್ಟಿತ್ತು. ಅವರು ಗೆಲ್ಲಲಿ ಅಂತ ಅವತ್ತು ನಾನೂ ಹರಕೆ ಹೊತ್ತಿದ್ದೆ. ಬೈಕಿನ ಹುಚ್ಚಿರೋ ಗಂಡು ನಮ್ಮನೆಗೆ ಬರೋದೇ ಬೇಡ ಅಂತ."

"ಮತ್ತೆ ಯಾಕೆ ಒಪ್ಕೊಂಡೆ?"

"ಕಾಫಿ ಕುಡೀತಾ ನಮ್ಮಪ್ಪನ ಹತ್ರ ವಾಲ್ವ್ ಆರಿಸೋದ್ರ ಮಾತೇ ಆಡಿದ್ರಕ್ಕ. ತಣ್ಣಗಾಗಿದ್ದೂ ಗೊತ್ತಾಗ್ಲಿಲ್ಲ ಅವರಿಗೆ. ಅಷ್ಟು ನೋಡಿ ಆರಿಸೋರು ನನ್ನ ಒಪ್ಪಿದ್ರಲ್ಲ ಅನ್ನಿಸ್ತು."

ಇಷ್ಟು ವರ್ಷ ನನಗಿದು ಗೊತ್ತಿರಲಿಲ್ಲ. ಅತ್ತೆ ಬೇಡಿದ ಗೆಲುವು ಸಿಗಲಿಲ್ಲ, ಶೈಲ ಬೇಡಿದ್ದೂ ಸಿಗಲಿಲ್ಲ. ಸಣ್ಣದನ್ನು ಕೇಳಿದ್ದ ನನ್ನ ಬೇಡಿಕೆ ಮಾತ್ರ ಈಡೇರಿತು. ಉಳಿದದ್ದನ್ನು ಭಗವಂತ ತಾನೇ ಸೇರಿಸಿ ಕೊಟ್ಟಿದ್ದಾನೆ. ನಾನು ವಾಲ್ವನ್ನು ಏಲಕ್ಕಿ ಡಬ್ಬಿಗೆ ಹಾಕಲಿಲ್ಲ. ಹುಣಸೆಹಣ್ಣು ಹಚ್ಚಿ ತೊಳೆದು, ದೇವರ ಮನೆಯಲ್ಲಿ ದೀಪಗಳ ಪಕ್ಕಕ್ಕೆ ಇಟ್ಟೆ.

ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ: "ಪೂಜೆ ಸಾಮಾನಿನ ಜೊತೆ ಏಲಕ್ಕಿ ಕುಟ್ಟೋದು ಯಾರ್ರೇ ಇಟ್ಟೋರು?"