ಶುಕ್ರವಾರ ತುಂಬದ ಉಡಿ

ಒಳ್ಳೆಯದು ಒಳ್ಳೆಯ ರೀತಿಯಲ್ಲೇ ಮುಗಿಯಬೇಕು. ಕೊನೆ ಕೆಟ್ಟರೆ ಆ ಕಹಿ ಹಿಂದಕ್ಕೆ ಹರಿದು ಕಳೆದ ದಿನಗಳನ್ನೂ ಕೆಡಿಸುತ್ತದೆ. ಈ ಮಹಾಜ್ಞಾನ ನನಗೆ ಪ್ರಾಪ್ತವಾದದ್ದು ಯಾವ ಗುಹೆಯಲ್ಲೂ ಅಲ್ಲ, ಇಂಡಿ ಪಟ್ಟಣದ ಬಸ್ ನಿಲ್ದಾಣದಲ್ಲಿ, ಯಾರಿಗೂ ಬೇಡವಾದ ತೆಂಗಿನಕಾಯಿಯೊಂದನ್ನು ಚೀಲದಲ್ಲಿ ಹಿಡಿದು ನಿಂತಾಗ.

ಬಸವನ ಬಾಗೇವಾಡಿಯ ನಮ್ಮ ಮನೆಯ ಮಹಡಿಯಲ್ಲಿ ಬಹಳ ವರ್ಷ ಒಂದು ಕುಟುಂಬ ಬಾಡಿಗೆಗಿತ್ತು. ಗಂಡ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನೌಕರ. ಹೆಂಡತಿಗೆ ಇಬ್ಬರೂ ಗಂಡುಮಕ್ಕಳು. ಹೆಣ್ಣು ಬೇಕೆಂಬ ಆಸೆಯನ್ನು ಆಕೆ ನನ್ನ ಮಗಳಲ್ಲಿ ತೀರಿಸಿಕೊಂಡಳು. ದಿನಾ ಮುಂಜಾನೆ ಶಾಲೆಗೆ ಹೊರಟ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂಡಿಸಿಕೊಂಡು ಹೆರಳು ಹಾಕುತ್ತಿದ್ದಳು. ಹೆತ್ತವಳು ಹಾಕಿದ ಹೆರಳು ಮಧ್ಯಾಹ್ನಕ್ಕೇ ಸಡಿಲಾಗುತ್ತಿತ್ತು. ಇವಳದು ಮರುದಿನವೂ ಬಿಚ್ಚಲೊಲ್ಲದು. ಹೀಗಾಗಿ ಮಗಳಿಗೆ ಇಬ್ಬರು ತಾಯಂದಿರಾದರು: ಕೆಳಗಿನವ್ವ, ಮ್ಯಾಲಿನವ್ವ. ನನ್ನನ್ನು ಆಕೆ ‘ಅಣ್ಣಾ’ ಎಂದು ಏಕವಚನದಲ್ಲೇ ಕರೆಯುತ್ತಿದ್ದಳು. ಇದಕ್ಕಿಂತ ದೊಡ್ಡ ಬಿರುದು ನನಗೆ ಎಲ್ಲೂ ಸಿಕ್ಕಿಲ್ಲ.

ಮುಂದೆ ಆಕೆಯ ಗಂಡನಿಗೆ ಇಂಡಿಗೆ ವರ್ಗವಾಯಿತು. ಸಾಮಾನು ಒಯ್ಯಲು ಗುರುವಾರ ಬರಬೇಕಿದ್ದ ಟೆಂಪೊ ಶುಕ್ರವಾರ ಬಂತು. ಮನೆಯಿಂದ ಹೊರಡುವ ಮುತ್ತೈದೆಯ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಖಣ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆದರೆ ಮಂಗಳವಾರ, ಶುಕ್ರವಾರ ಮನೆಮಗಳನ್ನು ಕಳಿಸುವಂತಿಲ್ಲ. ಬೆನ್ನಹಿಂದೆಯೇ ಲಕ್ಷ್ಮಿಯೂ ಹೊರಟುಬಿಡುತ್ತಾಳಂತೆ. ನಮ್ಮ ಮನೆಯಲ್ಲಿ ಲಕ್ಷ್ಮಿ ಎಂದು ಬಂದಿದ್ದಳೋ ನನಗಂತೂ ತಿಳಿಯದು.

“ನಾಳೆ ಹೋಗ್ರಿ,” ಎಂದಳು ನನ್ನ ಹೆಂಡತಿ.

“ಯಕ್ಕಾ, ಒಲಿ ಸೈತ ಟೆಂಪೊ ಏರೈತಿ. ನಾಳೆ ಮುಂಜಾನೆ ಇವ್ರು ಅಲ್ಲೆ ಹಾಜರಾಗ್ಬೇಕು. ಉಡಿ ತುಂಬಿ ಕಳಸು.”

“ಇವತ್ತ ನಾ ಉಡಿ ತುಂಬಾಂಗಿಲ್ಲ.”

ಮುಂದೆ ಚಾಚಿದ್ದ ಸೆರಗನ್ನು ಆಕೆ ಹಿಂದಕ್ಕೆಳೆದುಕೊಂಡು ಟೆಂಪೊ ಹತ್ತಿದಳು. ಬಾಡಿಗೆದಾರಳೆಂದು ತಿಳಿದಿದ್ದರೆ ನನ್ನ ಹೆಂಡತಿ ಯಾವ ವಾರವೂ ನೋಡದೆ ಉಡಿ ತುಂಬಿ ಕೈತೊಳೆದುಕೊಳ್ಳುತ್ತಿದ್ದಳು. ಮಗಳೆಂದು ತಿಳಿದದ್ದಕ್ಕೇ ತುಂಬಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಇವಳಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಇದ್ದವಳನ್ನು ಬರಿ ಉಡಿಯಲ್ಲಿ ಕಳಿಸಿದರೆಂದು ಅವಳು ತಿಳಿದಳು.

ಆಮೇಲೆ ಫೋನು ಅವಳೇ ಮಾಡಲಿ ಎಂದು ಇವಳು, ಇವಳೇ ಮಾಡಲಿ ಎಂದು ಅವಳು. ಈ ನಡುವೆ ಇತಿಹಾಸದ ಪರಿಷ್ಕರಣೆ ನಡೆಯಿತು. ವರ್ಷಗಟ್ಟಲೆ ಚಪ್ಪರಿಸಿ ತಿಂದ ಅವಳ ಶೇಂಗಾ ಹೋಳಿಗೆ ನನ್ನ ಹೆಂಡತಿಗೆ ಈಗ ‘ಕಲ್ಲಿನಂಥಾವು’ ಎನಿಸತೊಡಗಿದವು. ನಮ್ಮ ಮನೆಯಲ್ಲಿ ನೀರಿನ ನಳಕ್ಕೂ ಕಾವಲು ಇತ್ತೆಂದು ಅವಳು ಹೇಳಿದ ಮಾತು ಸಿಂದಗಿಯ ನಂಟರ ಮೂಲಕ ನಮಗೆ ತಲುಪಿತು. ಹೋಳಿಗೆಯೂ ಮೆತ್ತಗಿತ್ತು, ನಳವೂ ಹರಿಯುತ್ತಿತ್ತು. ನಾನು ಸಾಕ್ಷಿ. ಆದರೆ ಸಾಕ್ಷಿಯನ್ನು ಯಾರೂ ಕರೆಯಲಿಲ್ಲ.

ಮುದ್ದೇಬಿಹಾಳದ ಹುಡುಗನೊಂದಿಗೆ ಮಗಳ ಮದುವೆ ಗೊತ್ತಾಯಿತು. ಅವಳದು ಒಂದೇ ಹಟ.

“ಅಪ್ಪಾ, ಬಂಗಾರ ಬ್ಯಾಡ, ಏನೂ ಬ್ಯಾಡ. ಮದುವಿ ದಿನ ನನ್ನ ಹೆರಳ ಮ್ಯಾಲಿನವ್ವನೇ ಹಾಕ್ಬೇಕು. ಕರ್ಕೊಂಡ ಬಾ.”

ಹೆಂಡತಿ ತಾನು ಬರಲೊಲ್ಲೆ ಎಂದಳು. ಆದರೆ ಹೊರಡುವಾಗ ನನ್ನ ಚೀಲದಲ್ಲಿ ಕಾಯಿ, ಅಕ್ಕಿ, ಖಣ ತುರುಕಿದಳು. “ಕೊಟ್ಟ ಬಾ. ತಿಳಕೊಂತಾಳ.”

ಇಂಡಿಯಲ್ಲಿ ಬಾಗಿಲು ತೆರೆದವಳು, “ಬರ್ರಿ. ಕೂಡ್ರಿ,” ಎಂದಳು. ಆ ಎರಡು ‘ರಿ’ಗಳಲ್ಲೇ ನನ್ನ ಬಿರುದು ಹೋಯಿತು. ಹೊರಗಿನವರಿಗೆ ಕೊಡುವಂತೆ ಕಪ್ಪಿನ ಕೆಳಗೆ ಬಸಿಯಿಟ್ಟು ಚಹಾ ಕೊಟ್ಟಳು. ಲಗ್ನಪತ್ರಿಕೆ ಕೊಟ್ಟು, ಚೀಲ ಮುಂದಿಟ್ಟೆ.

“ಗಂಡಸ್ರು ಉಡಿ ತುಂಬೂದ ಯಾವಾಗಿಂದ ಸುರು ಆತ್ರಿ?”

“ತಂಗಿ, ಅವತ್ತ ಶುಕ್ರಾರ ಇತ್ತು. ಮನಿ ಮಗಳಂತ ತಿಳಿದ ಅಕಿ ತುಂಬಲಿಲ್ಲ.”

“ಹೌದ್ರಿ? ಮಗಳಾಗಿದ್ರ ಶನಿವಾರ ಬಂದ ತುಂಬತಿದ್ರು. ಇಂಡಿಗೆ ಬಸ್ ಇಲ್ಲೇನ್ರಿ?”

ಬಸ್ಸು ಇತ್ತು. ನಾನು ಅದರಲ್ಲೇ ಬಂದಿದ್ದೆ. ಚಹಾ ಮುಗಿಸಿದೆ.

“ಹುಡುಗಿ ಕೂದಲ ಇನ್ನೂ ಅಷ್ಟ ಉದ್ದ ಅದಾವ?” ಎಂದು ಕೇಳಿದಳು. ಅದೊಂದರಲ್ಲಿ ‘ರಿ’ ಇರಲಿಲ್ಲ.

“ಅದಾವು. ನೀನ ಹೆರಳ ಹಾಕ್ಬೇಕಂತ ಕುಂತಾಳ.”

ಅವಳು ಪತ್ರಿಕೆಯನ್ನು ಮಡಚಿ ಟಿವಿಯ ಮೇಲಿಟ್ಟಳು. “ನೋಡೋಣ್ರಿ,” ಎಂದು ಚೀಲವನ್ನು ನನ್ನ ಕೈಗೇ ಕೊಟ್ಟಳು.

ಮದುವೆಗೆ ಅವರ ಮನೆಯಿಂದ ಯಾರೂ ಬರಲಿಲ್ಲ. ಮಗಳ ಹೆರಳನ್ನು ಬ್ಯೂಟಿ ಪಾರ್ಲರಿನವಳು ಹಾಕಿದಳು.