ಮೊಂಬ್ರೆಲ್‌ನ ಸೂಪು, ಸುಗುಣಾರ ಮೂಗು

ಬೆಳಗಿನ ಐದು ಗಂಟೆ. ಮೆಲ್ಬರ್ನ್‌ನ ಪಶ್ಚಿಮದಂಚಿನ ಟ್ರುಗನಿನಾದಲ್ಲಿ, ಗೋದಾಮುಗಳ ಕಡೆಯಿಂದ ಬೀಸುವ ಚಳಿಗಾಳಿಗೆ ಗರಾಜಿನ ಬಾಗಿಲು ಗಡಗಡ ಅನ್ನುತ್ತಿದೆ. ಒಳಗೆ ಗ್ಯಾಸ್ ಒಲೆಯ ಮುಂದೆ ನಿಂತು ಸುಗುಣಾ ಸಾರಿನಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದಾರೆ. ಹೊಸ ಎಣ್ಣೆ ಡಬ್ಬದ ಮುಚ್ಚಳ ತೆಗೆದು ಮೊದಲು ಮೂಸುತ್ತಾರೆ, ಆಮೇಲೆ ಲೇಬಲ್ ಓದುತ್ತಾರೆ, ಮತ್ತೊಮ್ಮೆ ಮೂಸುತ್ತಾರೆ. “ಲೇಬಲಿಗೆ ಎಂತ, ಏನು ಬರೆದ್ರೂ ಸುಮ್ನೆ ಇರ್ತದೆ.”

ನಲವತ್ತಮೂರರ ಸುಗುಣಾ ಪ್ರವಾಸದ ಅಡುಗೆಯವರು. ಸಿಡ್ನಿಯ ಚಾಟ್ಸ್‌ವುಡ್‌ನ ನಿವೃತ್ತ ಎಂಜಿನಿಯರ್ ಬದರಿನಾಥ್ ವರ್ಷಕ್ಕೊಮ್ಮೆ ಎರಡೂ ನಗರಗಳ ಕನ್ನಡದ ಹಿರಿಯರನ್ನು ಒಟ್ಟುಮಾಡಿ ಯುರೋಪಿಗೆ ಕರೆದೊಯ್ಯುತ್ತಾರೆ. ಇಪ್ಪತ್ತನಾಲ್ಕು ಮಂದಿ, ಹನ್ನೊಂದು ದಿನ. ಎಲ್ಲರೂ ಕಟ್ಟಾ ಸಸ್ಯಾಹಾರಿಗಳು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಕಟ್ಟಿಕೊಡಲು ನೂರು ಚಪಾತಿ, ಸಂಜೆ ಅನ್ನ ಸಾರು. ಎಲ್ಲ ಒಂದೇ ಕೈಯಿಂದ. ಗುಂಪಿನ ಫೋಟೊಗಳಲ್ಲಿ ಮಾತ್ರ ಇವರು ಸಿಗುವುದಿಲ್ಲ.

ಹುಟ್ಟೂರು ಉಡುಪಿ ಬಳಿಯ ಮಲ್ಪೆ. 2001ರಲ್ಲಿ ಗಂಡ ಸುಕೇಶ್ ಜೊತೆ ಇಲ್ಲಿಗೆ ಬಂದವರು. ಇಬ್ಬರೂ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. ಕಾಯಂ ವಾಸದ ಪಿಆರ್ ಕೈಸೇರುವ ಹೊತ್ತಿಗೆ ಸುಗುಣಾರ ಬೆನ್ನು ಹೋಗಿತ್ತು. ಏಳು ತಿಂಗಳು ಹಾಸಿಗೆ ಹಿಡಿದು ಎದ್ದಾಗ, ಮಾಡಬಲ್ಲ ಕೆಲಸವೆಂದು ಉಳಿದದ್ದು ಅಡುಗೆಯೊಂದೇ.

“ಉಡುಪಿಯವಳು ಅಂದ ಕೂಡ್ಲೆ ಇವರಿಗೆಲ್ಲ ಮಠದ ಊಟ ನೆನಪಾಗ್ತದೆ. ನಾನೂ ಬಿಡಿಸಿ ಹೇಳ್ಲಿಲ್ಲ. ನಮ್ಮಲ್ಲಿ ಮೀನಿಲ್ಲದೆ ಊಟ ಇಲ್ಲ ಅಂದಿದ್ರೆ ಕೆಲಸ ಎಲ್ಲಿ ಸಿಗ್ತಿತ್ತು?”

ಗುಂಪಿನಲ್ಲಿದ್ದ, ಸಿಡ್ನಿಯ ರೌಸ್ ಹಿಲ್‌ನ ಸಾವಿತ್ರಿ ಅವರಿಗೆ ಮಾತ್ರ ಮೊದಲಿನಿಂದಲೂ ಗುಮಾನಿ. ಮೈಸೂರಿನಲ್ಲಿ ಕಾಲೇಜು ಅಧ್ಯಾಪಕಿಯಾಗಿದ್ದ, ಎಪ್ಪತ್ತು ದಾಟಿದ ಹೆಂಗಸು. ಹೋದಲ್ಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಗುಣಾರ ಕೈಯನ್ನೇ ನೋಡುತ್ತಿದ್ದರು. ‘ನಿಮ್ಮನೇಲಿ ಶ್ರಾವಣ ಹೇಗೆ ಮಾಡ್ತೀರಾ?’ ಎಂದು ಕೆದಕುತ್ತಿದ್ದರು. ತಮ್ಮದೇ ಪುಟ್ಟ ಕುಕ್ಕರನ್ನು ಚೀಲದಲ್ಲಿ ಹೊತ್ತು ತರುತ್ತಿದ್ದರು.

ಕಳೆದ ವರ್ಷ, 2008ರ ಸೆಪ್ಟೆಂಬರಿನಲ್ಲಿ, ಗುಂಪು ಫ್ರಾನ್ಸಿನ ಮೊಂಬ್ರೆಲ್ ಎಂಬ ಹಳ್ಳಿಗಾಡಿನ ಪುಟ್ಟ ಊರಿಗೆ ಹೋಯಿತು. ಏಳು ಶತಮಾನ ಹಳೆಯ ಕೋಟೆಗೋಡೆ, ಕಲ್ಲುಹಾಸಿನ ಓಣಿಗಳು. ಅಲ್ಲಿನ ವಸತಿಗೃಹದ ಒಡತಿ, ಮೊದಲ ಸಂಜೆ ತಾನೇ ತರಕಾರಿ ಸೂಪು ಮಾಡಿ ಬಡಿಸುವುದಾಗಿ ಹೇಳಿದಳು. ಎಲ್ಲರಿಗೂ ಖುಷಿ. ಸುಗುಣಾಗೆ ಒಳಗೊಳಗೇ ಅಳುಕು. “ನಗ್ತಾ ನಗ್ತಾ ‘ವೆಜಿಟೆಬಲ್’ ಅಂತ ಮೂರು ಸಲ ಹೇಳಿದ್ಲು. ಒಂದೇ ಸಲ ಹೇಳಿದ್ರೆ ನಂಬ್ತಿದ್ದೆ.”

ಬಟ್ಟಲುಗಳು ಬಂದವು. ಹಬೆ ಮೂಗಿಗೆ ಬಡಿದದ್ದೇ ಸುಗುಣಾ ಎದ್ದು ನಿಂತರು. ಸಾವಿತ್ರಿ ಆಗಲೇ ಚಮಚ ಎತ್ತಿದ್ದರು.

“ಕುಡೀಬೇಡಿ ಆಂಟಿ! ಇದ್ರಲ್ಲಿ ಕೋಳಿ ಉಂಟು.”

ಬದರಿನಾಥ್ ಮುಖ ಕೆಂಪಾಯಿತು. “ಮೆಲ್ಲಗೆ ಮಾತಾಡಿ ಸುಗುಣಾ, ಪಾಪ ಅವರೇನಂದ್ಕೋತಾರೆ? ಕ್ಯಾರೆಟ್, ಆಲೂಗಡ್ಡೆ ಕಣ್ಣಿಗೆ ಕಾಣ್ತಿದೆಯಲ್ಲ!”

ಸಾವಿತ್ರಿ ಚಮಚ ಇಳಿಸಲಿಲ್ಲ. “ನಮಗ್ಯಾರಿಗೂ ಬರದ ವಾಸನೆ ನಿಂಗೊಬ್ಬಳಿಗೆ ಹೇಗೆ ಬಂತು?”

ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಚಮಚ ಇನ್ನೂ ಮೇಲೇ ಇತ್ತು.

“ನಾನು ತಿಂತೇನೆ ಆಂಟಿ. ದಿನಾ ಮೀನು, ಭಾನುವಾರ ಕೋಳಿ. ತಿನ್ನುವವರಿಗೆ ಗೊತ್ತಾಗ್ತದೆ.”

ಮೇಜಿನ ಸುತ್ತ ಒಬ್ಬೊಬ್ಬರಾಗಿ ಚಮಚ ಕೆಳಗಿಟ್ಟರು. ಸಿಡುಕಿಕೊಂಡ ಒಡತಿ ಪಾತ್ರೆಯನ್ನೇ ತಂದು ತೋರಿಸಿದಳು. ಮಾಂಸದ ಚೂರೂ ಇರಲಿಲ್ಲ. ಬದರಿನಾಥ್ ಒಳಗೆ ಹೋಗಿ ನೋಡಿದರೆ, ಕಸದ ಬುಟ್ಟಿಯಲ್ಲಿ ರುಚಿಗೆ ಹಾಕುವ ಬಿಲ್ಲೆಗಳ ಖಾಲಿ ಪೊಟ್ಟಣ, ಅದರ ಮೇಲೆ ಕೋಳಿಯ ಚಿತ್ರ. ಆಕೆ ಮೋಸ ಮಾಡಿರಲಿಲ್ಲ. ಅವಳ ಪ್ರಕಾರ ಅದು ಮಾಂಸವೇ ಅಲ್ಲ, ಬರೀ ರುಚಿ.

ಅಂದು ಎಲ್ಲರೂ ಬ್ರೆಡ್ಡು, ಬಾಳೆಹಣ್ಣು ತಿಂದು ಎದ್ದರು. ಸುಗುಣಾಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಮಾರನೆಯ ದಿನ ಒಂಬತ್ತು ಮಂದಿ ಅವರ ಉಪ್ಪಿಟ್ಟು ಮುಟ್ಟಲಿಲ್ಲ. ಸಾವಿತ್ರಿಯೂ ಮುಟ್ಟಲಿಲ್ಲ. ಬೇಕರಿಯಿಂದ ತಂದ ಬನ್ನೊಂದನ್ನು ಹಿಡಿದು ಎಂದಿನಂತೆ ಅಡುಗೆಮನೆಯ ಬಾಗಿಲಿಗೆ ಬಂದರು. “ಇದನ್ನ ಸ್ವಲ್ಪ ಮೂಸಿ ನೋಡಮ್ಮ.” ಸುಗುಣಾ ಮೂಸಿ, “ತಿನ್ನಿ” ಅಂದರು. ಸಾವಿತ್ರಿ ಅಲ್ಲೇ ನಿಂತು ತಿಂದರು.

ಇನ್ನು ಕೆಲಸ ಹೋಯಿತೆಂದೇ ಸುಗುಣಾ ನಂಬಿದ್ದರು. ಆದರೆ ಈ ವರ್ಷವೂ ಬದರಿನಾಥ್ ಫೋನ್ ಬಂತು. ಪಟ್ಟಿಯಲ್ಲಿ ಈ ಸಲ ಹದಿನೇಳೇ ಹೆಸರು. “ಸಾವಿತ್ರಿ ಆಂಟಿ ಇದ್ದಾರೆ. ಕುಕ್ಕರ್ ತರ್ತಾರೆ, ಅದು ಗ್ಯಾರಂಟಿ,” ಎಂದು ಸುಗುಣಾ ನಗುತ್ತಾರೆ.

ಹುರಿದ ಬೀಜ ಆರಲು ಹರಡಿ, ಬೆನ್ನಿಗೆ ಕೈಕೊಟ್ಟು ಕೂರುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಮಾತು ಮತ್ತೆ ಮೊಂಬ್ರೆಲ್‌ಗೇ ಹೋಗುತ್ತದೆ.

“ಊರು ಹೇಗಿತ್ತು ಅಂತ ನಮ್ಮ ಯಜಮಾನ್ರು ಕೇಳಿದ್ರು. ಎಂತ ಹೇಳುದು? ನಾನು ನೋಡಿದ್ದು ಅಡುಗೆಮನೆ. ಒಮ್ಮೆ ನಾವಿಬ್ರೇ ಹೋಗ್ಬೇಕು. ಆ ಕೋಟೆಗೋಡೆ ಮೇಲೆ ಒಂದು ಸುತ್ತು ನಡೀಬೇಕು. ಮತ್ತೆ ಆ ಹೆಂಗಸಿನ ಹತ್ರ ಕೂತು ಒಂದು ಬಟ್ಟಲು ಸೂಪು ಕುಡೀಬೇಕು. ಒಳ್ಳೆ ಪರಿಮಳ ಇತ್ತು ಮಾರಾಯ್ರೆ.”