ಗಾಡಿ ಯಾರು ನೋಡ್ಕೋತಾರೆ

ಬೆಟ್ಟ ತೋರಿಸುವ ಬಾಡಿಗೆ ಕಾರಿನ ಡ್ರೈವರ್, ನಗರ ದಾಟುವ ಮೊದಲೇ ತುದಿಯ ಸೊಬಗನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿಬಿಡುತ್ತಾನೆ. ತಿರುವುಗಳಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವರು "ಇನ್ನೆಷ್ಟು ದೂರ?" ಎಂದರೆ "ಇಲ್ಲೇ, ಐದೇ ನಿಮಿಷ" ಎನ್ನುತ್ತಾನೆ, ಅವನ ಐದು ನಿಮಿಷದಲ್ಲಿ ಒಂದು ನಿದ್ದೆ ತೆಗೆಯಬಹುದು. ದಾರಿಯ ಬಂಡೆಗಳಿಗೆಲ್ಲ ಅವನೇ ಹೆಸರಿಟ್ಟಿದ್ದಾನೆ: ಅತ್ತೆಯ ಮೂಗು, ಭಾವನ ಬೋಳುತಲೆ. ಮೆಟ್ಟಿಲ ಬುಡ ಬಂದರೆ ಮಾತ್ರ, "ನೀವು ಹೋಗ್ಬನ್ನಿ, ಗಾಡಿ ಯಾರು ನೋಡ್ಕೋತಾರೆ?" ಎಂದು ಹನ್ನೊಂದು ವರ್ಷದಿಂದ ಅಲ್ಲೇ ಉಳಿದಿದ್ದಾನೆ. ಇಳಿದು ಬಂದವರ ಫೋಟೋಗಳನ್ನು ಒಂದೂ ಬಿಡದೆ ನೋಡುತ್ತಾನೆ. ನಾಳೆಯ ವರ್ಣನೆಗೆ ಅದೇ ಸರಕು. ಮೊನ್ನೆ ಅಜ್ಜಿಯೊಬ್ಬರು "ಇದನ್ನೂ ನೋಡಪ್ಪ" ಎಂದು ತುದಿಯಿಂದ ತೆಗೆದ ಫೋಟೋ ತೋರಿಸಿದರು: ಕೆಳಗೆ ಬೆಂಕಿಪೊಟ್ಟಣದಷ್ಟು ಕಾರು, ಅದಕ್ಕೆ ಬೆನ್ನು ಹಾಕಿ, ಕತ್ತೆತ್ತಿ ತುದಿಯನ್ನೇ ನೋಡುತ್ತ ನಿಂತ ಅವನು. ವಾಪಸು ಗಾಡಿ ಇಳಿಯುವಾಗ ಅತ್ತೆಯ ಮೂಗನ್ನೂ ಅವನು ತೋರಿಸಲಿಲ್ಲ.